ವಾರಕ್ಕೆ ಮೂರು ದಿನ ಗಾಲ್ಫ್ ಆಡುತ್ತೇನೆ, ಆದರೂ ಇಲೆಕ್ಷನ್ ಬಂದಾಗೆಲ್ಲ ತೂಕ ಏರುತ್ತದೆ. ಏನು ಮಾಡಲಿ?

ಒಂಟಿಕೊಪ್ಪಲ್ ವಾಸಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಮೈಸೂರಿನವನು, ವಯಸ್ಸು 58. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ನಾಲ್ಕು ವರ್ಷವಾಯಿತು. 2022ರ ಜನವರಿ 1ರಿಂದ ದಿನಾ ರಾತ್ರಿ ಮಲಗುವ ಮುಂಚೆ ಉದ್ದನೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆಯುತ್ತೇನೆ. ನಾಲ್ಕೇ ವಿಷಯ: ಆಟ, ಸುದ್ದಿ, ರಾಜಕೀಯ, ತೂಕ. ಅವತ್ತು ಗಾಲ್ಫ್ ಹೇಗಾಯಿತು, ಪೇಪರಿನಲ್ಲಿ ಟೀವಿಯಲ್ಲಿ ಏನು ನೋಡಿದೆ, ಸರ್ಕಾರದ ವಿಷಯದಲ್ಲಿ ನನಗೆ ಏನನ್ನಿಸಿತು, ಬೆಳಗ್ಗೆ ತಕ್ಕಡಿ ಎಷ್ಟು ತೋರಿಸಿತು. ಯಾರಿಗೂ ತೋರಿಸಲು ಬರೆದದ್ದಲ್ಲ. ಆದರೆ ಹೋದ ವಾರ ಹಳೇ ಪುಟಗಳನ್ನೆಲ್ಲ ತಿರುವಿ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅದನ್ನು ಕೇಳೋಣ ಅಂತಲೇ ಇಲ್ಲಿಗೆ ಬಂದೆ.

ಮೊದಲು ಗಾಲ್ಫ್ ಹೇಗೆ ಶುರುವಾಯಿತು ಅಂತ ಹೇಳುತ್ತೇನೆ. 2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಆಗ ಅವರು ಪ್ರಪಂಚದಲ್ಲಿ 200ನೇ ರ‍್ಯಾಂಕ್. ಮುಂದಿದ್ದವರು ಒಂದನೇ ರ‍್ಯಾಂಕಿನ ನೆಲ್ಲಿ ಕೋರ್ಡಾ. ಗಾಲ್ಫ್ ಅಂದರೆ ಏನು ಅಂತಲೇ ಗೊತ್ತಿಲ್ಲದ ನಾನು ಬೆಳಗ್ಗೆ ಎದ್ದವನೇ ಟೀವಿ ಮುಂದೆ ಕೂತೆ. ಮಧ್ಯೆ ಗುಡುಗು ಮಳೆ ಬಂದು ಆಟ ನಿಂತಿತು, ಮತ್ತೆ ಶುರುವಾಯಿತು. 18ನೇ ಹೋಲ್‌ನಲ್ಲಿ ಅವರ ಉದ್ದನೆಯ ಪಟ್, ಅಂದರೆ ಚೆಂಡನ್ನು ಗುಂಡಿಗೆ ಉರುಳಿಸುವ ಹೊಡೆತ, ಒಳಗೆ ಬೀಳಲಿಲ್ಲ. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು, ನಾಲ್ಕನೇ ಸ್ಥಾನ. ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಅವತ್ತು ಬೆಳಗ್ಗೆ ಎಲ್ಲ ಚಾನೆಲ್ಲುಗಳೂ ಬರ್ಡಿ ಅಂದರೆ ಏನು, ಬೋಗಿ ಅಂದರೆ ಏನು ಅಂತ ವಿವರಿಸುತ್ತಿದ್ದವು. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ದೊಡ್ಡ ಸಂತೋಷವೇ. ಆದರೆ ಅಷ್ಟೊತ್ತಿಗೆ ಅದಿತಿಯನ್ನು ಎಲ್ಲರೂ ಮರೆತಿದ್ದರು. ನನಗೆ ಮರೆಯಲು ಆಗಲಿಲ್ಲ. ಎರಡು ತಿಂಗಳಲ್ಲಿ ಗೆಳೆಯರೊಬ್ಬರು ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸ್ ಒಳಗಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬಿಟ್ಟಿಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಆರೂವರೆಗೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ ಇರುತ್ತೇನೆ. ಒಂಬತ್ತು ಹೋಲ್ ಆಡುತ್ತೇನೆ.

ಈಗ ನೋಟ್‌ಬುಕ್ ವಿಷಯ. 2023ರ ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ಅವತ್ತಿನ ಪುಟದಲ್ಲಿ ತೂಕ 83.1 ಕೆಜಿ. ಮೇ 13ಕ್ಕೆ ಎಣಿಕೆ. ಅವತ್ತು 85.6. ಆಮೇಲೆ ಒಂದು ಸ್ವಲ್ಪ ಇಳಿದಿದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ, ಅವತ್ತು 85. ಜೂನ್ 4ಕ್ಕೆ ಎಣಿಕೆ, ಅವತ್ತು 87.9. ಅಲ್ಲಿಂದ ಇಲ್ಲಿವರೆಗೆ ಅರ್ಧ ಕೆಜಿ ಇಳಿದಿದೆ ಅಷ್ಟೇ. ಗಾಲ್ಫ್ ಮಾತ್ರ ಆ ದಿನಗಳಲ್ಲೂ ತಪ್ಪಿಸಿಲ್ಲ.

ಯಾಕೆ ಅಂತ ಆ ಪುಟಗಳೇ ಹೇಳುತ್ತವೆ. ಚುನಾವಣೆ ದಿನಗಳಲ್ಲಿ ರಾತ್ರಿ ಎಂಟರಿಂದ ಹತ್ತೂವರೆವರೆಗೆ ಟೀವಿ ಚರ್ಚೆ. ಒಂದು ಚಾನೆಲ್‌ನಲ್ಲಿ ಜಾಹೀರಾತು ಬಂದರೆ ಇನ್ನೊಂದು. ಮುಂದೆ ಸ್ಟೀಲ್ ಬಟ್ಟಲಲ್ಲಿ ಕಾಂಗ್ರೆಸ್ ಕಡಲೆಬೀಜ, ಪಕ್ಕದಲ್ಲಿ ಚಕ್ಕುಲಿ ಡಬ್ಬಿ. ಯಾರೋ ಒಬ್ಬರು ಕಿರುಚಿದಾಗ ಕೈ ಬಟ್ಟಲಿಗೆ ಹೋಗುತ್ತದೆ. ಬಟ್ಟಲು ಖಾಲಿ ಆದದ್ದೇ ಗೊತ್ತಾಗುವುದಿಲ್ಲ. ಊಟವೂ ಅಲ್ಲೇ. ಆಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ನಮ್ಮ ಭಾವಮೈದನ ಜೊತೆ ಹನ್ನೆರಡರವರೆಗೆ ವಾದ. ನಿದ್ದೆ ಕೆಡುತ್ತದೆ, ಬೆಳಗ್ಗೆ ಎದ್ದಾಗ ಹೊಟ್ಟೆ ಹಸಿದಿರುತ್ತದೆ, ಆಟ ಮುಗಿದ ಮೇಲೆ ಮಸಾಲೆ ದೋಸೆ.

ಎತ್ತರ 170 ಸೆಂಟಿಮೀಟರ್, ಸೊಂಟ 104. ಹೋದ ತಿಂಗಳು ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ರಕ್ತ ಪರೀಕ್ಷೆ, 6.1 ಬಂದಿದೆ. ಅದನ್ನು ನೋಡಿದಾಗಿಂದ ಹೆದರಿಕೆ ಆಗಿದೆ, ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇತ್ತು.

ನನ್ನ ಪ್ರಶ್ನೆ ಎರಡು. ಒಂದು, ಗಾಲ್ಫ್ ಆಡಿದರೆ ನಿಜವಾಗಿ ತೂಕ ಇಳಿಯುತ್ತದೆಯೇ ಅಥವಾ ಸುಮ್ನೆ ನನ್ನ ಸಮಾಧಾನವೇ? ಎರಡನೆಯದು ಇದಕ್ಕಿಂತ ಕಷ್ಟದ್ದು. ಟೀವಿ ಆರಿಸು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಾನು 1989ರಲ್ಲಿ ಮೊದಲ ಸಲ ವೋಟು ಹಾಕಿದವನು, ಅಲ್ಲಿಂದ ಒಂದು ಚುನಾವಣೆಯನ್ನೂ ಬಿಟ್ಟಿಲ್ಲ. ನಾಡಿನಲ್ಲಿ ಏನಾಗುತ್ತಿದೆ ಅಂತ ತಿಳಿದುಕೊಳ್ಳದೆ ಇರಲು ನನ್ನಿಂದ ಆಗುವುದಿಲ್ಲ. ರಾಜಕೀಯ ಬಿಡದೆ ಟೀವಿ ಬಿಡುವುದು ಹೇಗೆ? ಇನ್ನೊಂದು ಸಣ್ಣ ವಿಷಯ: ಎರಡು ವರ್ಷದಿಂದ ಮಂಡಿ ನೋವು, ಹಾಗಾಗಿ ಆಡುವಾಗ ಬಗ್ಗಿ ಅನ್ನುವ ಸಣ್ಣ ಗಾಡಿಯಲ್ಲೇ ಓಡಾಡುತ್ತೇನೆ. ಗೆಳೆಯನೊಬ್ಬ ಹೊಸದಾಗಿ ಬಂದಿರುವ, ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೋ ಅನ್ನುತ್ತಾನೆ. ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿ.

---

ಗಿರಿಜಾ ಮಂಡ್ಯ:

ಸರ್, ನಾನು ಆಹಾರ ತಜ್ಞೆ, 16 ವರ್ಷದಿಂದ ಇದೇ ಕೆಲಸ. ನಿಮ್ಮ ನೋಟ್‌ಬುಕ್ ಬಗ್ಗೆ ಓದಿ ತುಂಬಾ ಖುಷಿ ಆಯಿತು. ನನ್ನ ಹತ್ತಿರ ಬರುವವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ತೂಕ ಯಾವಾಗ ಏರಿತು ಅಂತಲೇ ಗೊತ್ತಿರುವುದಿಲ್ಲ. ನಿಮಗೆ ತಾರೀಖು ಸಮೇತ ಗೊತ್ತಿದೆ.

ಮೊದಲು ಒಂದು ಸಣ್ಣ ಲೆಕ್ಕ. ಮಾರ್ಚ್ 29ರಿಂದ ಮೇ 13ಕ್ಕೆ 45 ದಿನ. ಏರಿದ್ದು ಎರಡೂವರೆ ಕೆಜಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ ಅಂತ ಲೆಕ್ಕ ಹಾಕುತ್ತೇವೆ. ಭಾಗಿಸಿ ನೋಡಿದರೆ ದಿನಕ್ಕೆ 430 ಕ್ಯಾಲೊರಿ ಹತ್ತಿರ ಜಾಸ್ತಿ ತಿಂದಿದ್ದೀರಿ. ಕಡಲೆಬೀಜ ನೂರು ಗ್ರಾಮಿಗೆ 550ಕ್ಕಿಂತ ಮೇಲೆ. ಒಂದು ಬಟ್ಟಲಲ್ಲಿ 50 ಗ್ರಾಂ ಇದ್ದರೂ ಅದೇ 280 ಆಯಿತು, ಅದರ ಮೇಲೆ ಎರಡು ಮೂರು ಚಕ್ಕುಲಿ. ಲೆಕ್ಕ ಅಲ್ಲೇ ಸರಿಹೋಯಿತು. ಬೇರೆ ಕಾರಣ ಹುಡುಕಬೇಕಾಗಿಲ್ಲ. ನಿಮ್ಮ ಊಟದಲ್ಲಿ ತಪ್ಪಿಲ್ಲ, ಆ ಎರಡೂವರೆ ಗಂಟೆಯಲ್ಲಿ ತಪ್ಪಿದೆ.

ಗಾಲ್ಫ್ ಬಗ್ಗೆ: ಅದು ಸಮಾಧಾನಕ್ಕೆ ಮಾತ್ರ ಆಡುವ ಆಟ ಖಂಡಿತ ಅಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆ ನೋಡಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದೇ ವಯಸ್ಸಿನ ಬೇರೆ ಜನರಿಗೆ ಹೋಲಿಸಿದರೆ ಆಟಗಾರರಲ್ಲಿ ಸಾವಿನ ಪ್ರಮಾಣ ಶೇಕಡ 40ರಷ್ಟು ಕಡಿಮೆ ಇತ್ತು. ಗಾಲ್ಫ್ ಒಂದರಿಂದಲೇ ಹಾಗಾಯಿತು ಅಂತ ಹೇಳಲು ಬರುವುದಿಲ್ಲ, ಆಡುವವರು ಮೊದಲೇ ಗಟ್ಟಿಮುಟ್ಟಾಗಿ ಇರಬಹುದು. ಆದರೆ ನಾಲ್ಕೈದು ಗಂಟೆ ಬಯಲಲ್ಲಿ ನಡೆಯುವ ಆಟ ಅನ್ನುವುದನ್ನು ಮರೆಯಬಾರದು. ನಡೆಯುವ ಆಟ, ಸರ್. ನೀವು ಕೂತುಕೊಂಡು ಹೋಗುತ್ತಿದ್ದೀರಿ. ನಿಮ್ಮ ತೂಕಕ್ಕೆ ಎರಡು ಗಂಟೆ ಬಗ್ಗಿಯಲ್ಲಿ ಆಡಿದರೆ, ಸುಮ್ಮನೆ ಕೂತಿರುವುದಕ್ಕಿಂತ ಹೆಚ್ಚು ಖರ್ಚಾಗುವುದು ಹೆಚ್ಚೂ ಕಡಿಮೆ 430 ಕ್ಯಾಲೊರಿ. ಅದೇ ಎರಡು ಗಂಟೆ ನಡೆದುಕೊಂಡು ಬ್ಯಾಗಿನ ಟ್ರಾಲಿ ತಳ್ಳಿದರೆ 700 ದಾಟುತ್ತದೆ. ಆಮೇಲೆ ತಿನ್ನುವ ಒಂದು ಮಸಾಲೆ ದೋಸೆ, ಚಟ್ನಿ, ಸಕ್ಕರೆ ಹಾಕಿದ ಕಾಫಿ ಸೇರಿ ಬಗ್ಗಿ ಲೆಕ್ಕವನ್ನು ಪೂರ್ತಿ ತಿಂದುಹಾಕುತ್ತದೆ. ದೋಸೆ ತಿನ್ನಲೇಬೇಡಿ ಅನ್ನುವುದಿಲ್ಲ. ಮೂರು ದಿನದಲ್ಲಿ ಶನಿವಾರ ಒಂದು ದಿನ ತಿನ್ನಿ, ಗೆಳೆಯರ ಜೊತೆ ಕೂತು ನಿಧಾನವಾಗಿ ತಿನ್ನಿ. ಉಳಿದ ಎರಡು ದಿನ ಮನೆಗೆ ಬಂದು ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಎರಡು ಮೊಟ್ಟೆ.

6.1 ಅಂದರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, 5.7ರಿಂದ 6.4ರವರೆಗೆ ಅದಕ್ಕೆ ಮುಂಚಿನ ಹಂತ. ಇಲ್ಲಿಂದ ವಾಪಸ್ ಬರಬಹುದು. ಅಮೆರಿಕದಲ್ಲಿ 2002ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಇದೇ ಹಂತದಲ್ಲಿದ್ದವರಿಗೆ ಶೇಕಡ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಕೊಟ್ಟರು. ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇಕಡ 58ರಷ್ಟು ಕಡಿಮೆ ಆಯಿತು. ನಿಮಗೆ ಶೇಕಡ 7 ಅಂದರೆ ಆರು ಕೆಜಿ. ಅಷ್ಟೇ. ಕಾಲೇಜು ದಿನದ ತೂಕಕ್ಕೆ ಹೋಗಬೇಕಾಗಿಲ್ಲ. ತಕ್ಕಡಿಗಿಂತ ಟೇಪು ನೋಡಿ, ನಮ್ಮ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗೆ ಇರಬೇಕು.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಅದಕ್ಕೂ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 355. ದೊಡ್ಡ ವ್ಯತ್ಯಾಸ ಇಲ್ಲ. ಆದರೆ ರಾಗಿಯಲ್ಲಿ ನಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ ಮೂರೂ ಇಲ್ಲ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ರಾತ್ರಿ ಬಟ್ಟಲಿಗೆ ಕೈ ಹೋಗುವುದು ತಪ್ಪುತ್ತದೆ. ಒಂದು ಮುದ್ದೆ, ಹುರುಳಿಕಾಳು ಸಾರು, ಸೊಪ್ಪಿನ ಪಲ್ಯ. ಎಂಟು ಗಂಟೆ ಒಳಗೆ, ಅಡುಗೆಮನೆಯಲ್ಲೋ ಊಟದ ಮೇಜಿನಲ್ಲೋ. ಟೀವಿ ಕೋಣೆಗೆ ತಟ್ಟೆ ಹೋಗಬಾರದು. ನಾನು ಹೇಳುವುದರಲ್ಲಿ ಇದೊಂದನ್ನು ಮಾಡಿದರೂ ಸಾಕು.

ಇಂಜೆಕ್ಷನ್: ಮೌಂಜಾರೊ ಥರದವು 2025ರಲ್ಲಿ ಇಲ್ಲಿಗೂ ಬಂದಿವೆ. ತೂಕ ಇಳಿಯುವುದು ನಿಜ. ಬಿಟ್ಟ ಮೇಲೆ ಹೆಚ್ಚಿನವರಿಗೆ ಮತ್ತೆ ಏರುವುದೂ ನಿಜ. ಅದನ್ನು ಗೆಳೆಯರ ಮಾತಿನ ಮೇಲೆ ತೆಗೆದುಕೊಳ್ಳಬೇಡಿ, ಡಾಕ್ಟರ ಹತ್ತಿರ ಕೂತು ಮಾತಾಡಿ.

---

ಹಳೇ ಡೆಸ್ಕ್:

ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. 11 ವರ್ಷ ಪೇಪರಿನ ಡೆಸ್ಕಿನಲ್ಲಿ, ಆಮೇಲೆ 9 ವರ್ಷ ಒಂದು ಚಾನೆಲ್‌ನಲ್ಲಿ ಕೆಲಸ ಮಾಡಿದವನು ನಾನು. ಚರ್ಚೆ ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ಬಿಡುವುದು ಸುಲಭ.

ಸಂಜೆ ನಾಲ್ಕಕ್ಕೆ ಮೀಟಿಂಗ್. ಇವತ್ತು ಮುಖ್ಯವಾದ ಸುದ್ದಿ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಯಾವುದರ ಮೇಲೆ ಇಬ್ಬರನ್ನು ಎದುರುಬದುರು ಕೂರಿಸಬಹುದು ಅನ್ನುವುದೇ ಪ್ರಶ್ನೆ. ಶಾಂತವಾಗಿ, ಅಂಕಿ ಅಂಶ ಇಟ್ಟುಕೊಂಡು ಮಾತಾಡುವ ಅತಿಥಿಯನ್ನು ಎರಡನೇ ಸಲ ಕರೆಯುವುದಿಲ್ಲ. ನಾನೇ ಹಾಗೆ ಎಷ್ಟೋ ಜನರ ಹೆಸರು ಪಟ್ಟಿಯಿಂದ ತೆಗೆದಿದ್ದೇನೆ, ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ. ಇನ್ನೊಂದು ಕಾರಣ ದುಡ್ಡು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವನು, ಒಂದು ಗಾಡಿ ಕೊಟ್ಟು ರಾಯಚೂರಿನ ಹಳ್ಳಿಗೆ ಮೂರು ದಿನ ಕಳಿಸಿದರೆ ಖರ್ಚು ಬರುತ್ತದೆ, ಸಿಗುವುದು ಐದು ನಿಮಿಷದ ಸುದ್ದಿ. ಅದೇ ಸ್ಟುಡಿಯೋದಲ್ಲಿ ಆರು ಜನರನ್ನು ಕೂರಿಸಿದರೆ ಒಂದು ಗಂಟೆ ತುಂಬುತ್ತದೆ. ಟಿಆರ್‌ಪಿಗಾಗಿ ಹೀಗೆ ಅನ್ನುತ್ತಾರೆ ಅಲ್ವಾ? 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಟೀವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತ್ತು. ಆಗಲೂ ಕಿರುಚಾಟ ಕಡಿಮೆ ಆಗಲಿಲ್ಲ. ಅದು ಅಷ್ಟೊತ್ತಿಗೆ ಅಭ್ಯಾಸ ಆಗಿಬಿಟ್ಟಿತ್ತು, ನಮಗೂ, ನೋಡುವವರಿಗೂ.

ನೀವು ಕಳೆದುಕೊಳ್ಳುವುದು ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರು ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷವಾದರೂ ಅಷ್ಟು ದೊಡ್ಡ ಊರಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಮೋರಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕಿತ್ತು? ಇದು ರಾಜಕೀಯ ಅಲ್ಲವೇ? ಎಷ್ಟು ರಾತ್ರಿ ಇದರ ಮೇಲೆ ಚರ್ಚೆ ನೋಡಿದಿರಿ, ನಿಮ್ಮ ನೋಟ್‌ಬುಕ್ಕಿನಲ್ಲೇ ಹುಡುಕಿ ನೋಡಿ. 2025ರ ಮಾರ್ಚ್ 7ರಂದು ಮಂಡಿಸಿದ ರಾಜ್ಯ ಬಜೆಟ್ ಗಾತ್ರ 4 ಲಕ್ಷದ 9 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಬಜೆಟ್ ಪುಸ್ತಕ ಹಣಕಾಸು ಇಲಾಖೆ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಇದೆ. ನೀವು ಬ್ಯಾಂಕಿನವರು, ಲೆಕ್ಕ ಓದಲು ನಿಮಗಿಂತ ಬೇರೆ ಯಾರು ಬೇಕು? ವಾರಕ್ಕೆ ಒಂದು ಇಲಾಖೆ ಓದಿ. ಆಮೇಲೆ ಭಾವಮೈದನ ಜೊತೆ ವಾದ ಮಾಡಿ, ಬೇಡ ಅನ್ನುವುದಿಲ್ಲ.

ದಿನದ ಸುದ್ದಿಗೆ ಬೆಳಗ್ಗೆ ಒಂದು ಪೇಪರು, ಜೊತೆಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಕಿರುಚುವುದಿಲ್ಲ. ಆಕಾಶವಾಣಿ ಅನ್ನುವ ಹೆಸರಿಗೂ ನಿಮ್ಮ ಊರಿಗೂ ನಂಟಿದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯದ ಹೆಸರು ಅದು. ನಿಮ್ಮ ಬಡಾವಣೆಯೇ, ಸರ್. ಚುನಾವಣೆ ಎಣಿಕೆ ದಿನ ಮಾತ್ರ ಟೀವಿ ಹಾಕಿಕೊಳ್ಳಿ. ಅವತ್ತು ನಿಜವಾಗಿ ಸುದ್ದಿ ಇರುತ್ತದೆ.

---

ಬಿಡದಿ ಹುಡುಗ:

ಸರ್, ನಾನು ಒಂಬತ್ತು ವರ್ಷ ಕ್ಯಾಡಿ, ಅಂದರೆ ಗಾಲ್ಫ್ ಆಡುವವರ ಬ್ಯಾಗು ಹೊರುವವನು, ಆಗಿದ್ದವನು. ಈಗ ಸ್ವಂತ ಗಾಡಿ ಓಡಿಸುತ್ತೇನೆ. ಬಗ್ಗಿ ವಿಷಯ ಓದಿ ಬರೆಯದೆ ಇರಲು ಆಗಲಿಲ್ಲ.

ನಾವು ಬೆಳಗ್ಗೆ ಒಂದು ರೌಂಡು, ಮಧ್ಯಾಹ್ನ ಒಂದು ರೌಂಡು ಹೋಗುತ್ತಿದ್ದೆವು. 18 ಹೋಲ್ ಅಂದರೆ ಎಂಟು ಒಂಬತ್ತು ಕಿಲೋಮೀಟರ್. ಬ್ಯಾಗು 12 ಕೆಜಿ, ಕೆಲವರದ್ದು 15. ಚೆಂಡು ರಫ್‌ಗೆ, ಅಂದರೆ ಪಕ್ಕದ ಉದ್ದ ಹುಲ್ಲಿಗೆ, ಹೋದರೆ ಹುಡುಕಲು ಇನ್ನಷ್ಟು ಓಡಾಟ. ಆ ಒಂಬತ್ತು ವರ್ಷದಲ್ಲಿ ಹೊಟ್ಟೆ ಬಂದ ಒಬ್ಬ ಕ್ಯಾಡಿಯನ್ನೂ ನಾನು ನೋಡಿಲ್ಲ. ನನಗೇ ಗಾಡಿ ಓಡಿಸಲು ಶುರು ಮಾಡಿದ ಮೇಲೆ 14 ಕೆಜಿ ಬಂತು. ಒಂದೇ ಮೈದಾನ, ಒಂದೇ ಆಟ. ಬ್ಯಾಗು ಹೊತ್ತವರ ಮೈ ಬೇರೆ, ಆಡಿದವರ ಮೈ ಬೇರೆ ಅಂತ ಆಗಲೇ ಅನ್ನಿಸುತ್ತಿತ್ತು.

ಅದಿತಿ ಮೇಡಂ ವಿಷಯ ಹೇಳಿದಿರಿ. ಟೋಕಿಯೋದಲ್ಲಿ ಅವರ ಬ್ಯಾಗು ಹೊತ್ತದ್ದು ಯಾರು ಅಂತ ನೆನಪಿದೆಯಾ? ಅವರ ತಾಯಿ. ನಾಲ್ಕು ದಿನ, ಆ ಸೆಕೆಯಲ್ಲಿ. 2016ರಲ್ಲಿ ರಿಯೋದಲ್ಲಿ ತಂದೆ ಹೊತ್ತಿದ್ದರು. ಅವತ್ತು ಟೀವಿಯವರು ಬರ್ಡಿ ಬೋಗಿ ಎಲ್ಲ ಹೇಳಿಕೊಟ್ಟರು, ಬ್ಯಾಗು ಹೊರುವುದು ಎಂಥ ಕೆಲಸ ಅಂತ ಯಾರಾದರೂ ಹೇಳಿದರೋ ಇಲ್ಲವೋ, ನಾನಂತೂ ಕೇಳಲಿಲ್ಲ. ನಮ್ಮ ಕಡೆಯ ಚಿಕ್ಕರಂಗಪ್ಪ ಗೊತ್ತಲ್ಲ, ರಂಗೇನಹಳ್ಳಿಯವರು. ಅವರೂ ಹುಡುಗನಾಗಿದ್ದಾಗ ಇಲ್ಲಿನ ಮೈದಾನದಲ್ಲಿ ಚೆಂಡು ಹೆಕ್ಕಿ, ಬ್ಯಾಗು ಹೊತ್ತು, ನೋಡಿ ನೋಡಿ ಕಲಿತವರು. ಮುಂದೆ ದೇಶದ ದೊಡ್ಡ ಟೂರ್ನಿಗಳನ್ನು ಗೆದ್ದರು. ಅವರ ಹೆಸರು ಪೇಪರಿನಲ್ಲಿ ಬಂದ ದಿನ ನಾವೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದೆವು, ನನ್ನ ಪರ್ಸಿನಲ್ಲಿ ಮಡಚಿದ ಕಡೆಯೆಲ್ಲ ಹರಿದುಹೋಗುವವರೆಗೆ ಇತ್ತು.

ರಾಜಕೀಯ ಬರೆಯುತ್ತೀರಿ ಅಂದಿರಿ. ಒಂದು ದಿನ ಇದನ್ನೂ ಬರೆಯಿರಿ ಸರ್. ಕ್ಯಾಡಿಗೆ ಸಂಬಳ ಇರಲಿಲ್ಲ, ರೌಂಡಿಗೆ ಇಷ್ಟು ಅಂತ. ಮಳೆ ಬಂದರೆ ಕೂಲಿ ಇಲ್ಲ. ನಾನಿದ್ದ ಕಡೆ ಪಿಎಫ್, ಇಎಸ್‌ಐ ಯಾವುದೂ ಇರಲಿಲ್ಲ. ಒಮ್ಮೆ ಚೆಂಡು ಮೊಣಕೈಗೆ ಬಿದ್ದು ಮೂರು ವಾರ ಮನೆಯಲ್ಲಿ ಕೂತೆ, ಆಸ್ಪತ್ರೆ ಖರ್ಚು ಕೊಟ್ಟದ್ದು ನಾನು ಬ್ಯಾಗು ಹೊರುತ್ತಿದ್ದ ಒಬ್ಬ ಮೇಷ್ಟ್ರು, ಅವರ ಸ್ವಂತ ಜೇಬಿನಿಂದ.

ಮಂಡಿಗೆ ನನ್ನ ಸಲಹೆ. ಒಂದೇ ದಿನ ಒಂಬತ್ತೂ ಹೋಲ್ ನಡೆಯಬೇಡಿ. ಮೊದಲ ವಾರ ಮೂರು ಹೋಲ್ ನಡೆಯಿರಿ, ಆಮೇಲೆ ಬಗ್ಗಿ ಹತ್ತಿ. ಎರಡು ವಾರಕ್ಕೆ ಐದು. ಹೀಗೆ ಏರಿಸಿ. ಬ್ಯಾಗು ಭುಜಕ್ಕೆ ಹಾಕಬೇಡಿ, ಮೂರು ಚಕ್ರದ ತಳ್ಳುವ ಟ್ರಾಲಿ ತೆಗೆದುಕೊಳ್ಳಿ. ಹಿಂದೆ ಎಳೆಯುವ ಎರಡು ಚಕ್ರದ್ದು ಬೇಡ, ಸೊಂಟ ತಿರುಚುತ್ತದೆ. ಕ್ಯಾಡಿಯನ್ನು ಮಾತ್ರ ಬಿಡಬೇಡಿ, ಬ್ಯಾಗು ನೀವು ತಳ್ಳಿದರೂ ಅವನು ಪಕ್ಕದಲ್ಲಿ ಬರಲಿ, ಅವನ ಕೂಲಿ ಅವನಿಗೆ ಸಿಗಲಿ.

---

ಶಿವಮೊಗ್ಗದ ಮಗಳು:

ನಾನು ನ್ಯೂಜೆರ್ಸಿಯಲ್ಲಿ ಇದ್ದೇನೆ. ಬಿಡದಿಯ ಅಣ್ಣ ಬರೆದದ್ದನ್ನು ಓದಿದಾಗ 2024ರ ಜೂನ್ 27ರ ರಾತ್ರಿ ನೆನಪಾಯಿತು. ಬೈಡನ್, ಟ್ರಂಪ್ ಚರ್ಚೆ. ಒಂದೂವರೆ ಗಂಟೆ. ಯುದ್ಧ, ಬೆಲೆ ಏರಿಕೆ ಎಲ್ಲ ಆಗಿ ಕೊನೆಗೆ ವಯಸ್ಸಿನ ಪ್ರಶ್ನೆ ಬಂದಾಗ ಇಬ್ಬರೂ ಗಾಲ್ಫ್‌ಗೆ ಇಳಿದರು. ತಾನು ಎರಡು ಕ್ಲಬ್ ಚಾಂಪಿಯನ್‌ಶಿಪ್ ಗೆದ್ದೆ ಅಂತ ಟ್ರಂಪ್. ಉಪಾಧ್ಯಕ್ಷನಾಗಿದ್ದಾಗ ನನ್ನ ಹ್ಯಾಂಡಿಕ್ಯಾಪ್ (ಕಡಿಮೆ ಇದ್ದಷ್ಟೂ ಆಟ ಚೆನ್ನಾಗಿದೆ ಅಂತ ಅರ್ಥ) 6ಕ್ಕೆ ಇಳಿದಿತ್ತು ಅಂತ ಬೈಡನ್. ಆಡೋಣ ಬಾ, ಆದರೆ ನಿನ್ನ ಬ್ಯಾಗು ನೀನೇ ಹೊರಬೇಕು ಅಂತಲೂ ಅಂದರು. ನಾನು ಸೋಫಾದಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದು ಕೂತಿದ್ದೆ. ಪ್ಯಾಕೆಟ್ ಖಾಲಿ ಆಗಿತ್ತು, ಒಂಟಿಕೊಪ್ಪಲ್ ಸರ್ ಬರೆದ ಹಾಗೆಯೇ. ಮಾರನೇ ದಿನ ಎದ್ದಾಗ ಅಷ್ಟು ಹೊತ್ತಿನಲ್ಲಿ ಏನು ತಿಳಿದುಕೊಂಡೆ ಅಂತ ಯೋಚನೆ ಮಾಡಿದರೆ, ಬ್ಯಾಗಿನ ಮಾತು ಬಿಟ್ಟು ಬೇರೇನೂ ಸರಿಯಾಗಿ ನೆನಪಿಗೆ ಬರಲಿಲ್ಲ. ಅದು ನನಗೆ ತುಂಬಾ ಬೇಜಾರಾಯಿತು.

ಇಲ್ಲಿ ಕೌಂಟಿ ಪಾರ್ಕಿನವರು ನಡೆಸುವ ಗಾಲ್ಫ್ ಮೈದಾನಗಳಿವೆ. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಮೆಂಬರ್‌ಶಿಪ್ ಬೇಡ, ಕ್ಯಾಡಿ ಇಲ್ಲ. ಎಪ್ಪತ್ತು ದಾಟಿದ ಹೆಂಗಸರು ಟ್ರಾಲಿ ತಳ್ಳಿಕೊಂಡು ಹೋಗುತ್ತಿರುತ್ತಾರೆ. ನಾನು ಅಲ್ಲೇ ಕಲಿತೆ. ನಮ್ಮಲ್ಲಿ ದೆಹಲಿಯಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ನಡೆಸುವ ಕುತುಬ್ ಗಾಲ್ಫ್ ಮೈದಾನ ಇದೆ, ಹೀಗೆ ಎಲ್ಲರಿಗೂ ತೆರೆದದ್ದು. ಕರ್ನಾಟಕದಲ್ಲೂ ಅಂಥದ್ದು ಒಂದು ಬರಬೇಕು ಅಂತ ನನಗೆ ಆಸೆ. ಶಿವಮೊಗ್ಗದಲ್ಲಿ ಒಂದು ಸರ್ಕಾರಿ ಶಾಲೆ ಹುಡುಗಿ ಬೆಳಗ್ಗೆ ಹೋಗಿ ಸೆವೆನ್ ಐರನ್ ಸ್ಟಿಕ್ ಹಿಡಿಯುವ ಹಾಗೆ ಇರಬೇಕು. ನಿಮ್ಮ ರಾಜಕೀಯದ ಪುಟಕ್ಕೆ ಇದನ್ನೂ ಸೇರಿಸಿಕೊಳ್ಳಿ ಸರ್.

---

ಒಂಟಿಕೊಪ್ಪಲ್ ವಾಸಿ:

ಏಳು ವಾರ ಆಯಿತು, ಬರೆಯುತ್ತೇನೆ ಅಂದುಕೊಂಡು ತಡವಾಯಿತು. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಮೇಲಿನ ನಾಲ್ಕೂ ಉತ್ತರಗಳನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ.

ಇವತ್ತಿನ ತೂಕ 85.1, ಸೊಂಟ 101. ಗಿರಿಜಾ ಮೇಡಂ, ತಟ್ಟೆ ಟೀವಿ ಕೋಣೆಗೆ ಹೋಗಿಲ್ಲ, ಎರಡು ದಿನ ಬಿಟ್ಟು. ಆ ಎರಡು ದಿನದ್ದನ್ನೂ ಬರೆದಿಟ್ಟಿದ್ದೇನೆ. ಕಡಲೆಬೀಜ ಮನೆಗೆ ತರುವುದನ್ನೇ ನಿಲ್ಲಿಸಿದೆವು. ಎಂಟು ಗಂಟೆಗೆ ಊಟ ಮುಗಿದರೆ ರಾತ್ರಿ ಎಷ್ಟು ಉದ್ದ ಅಂತ ಮೊದಲ ವಾರ ಗೊತ್ತಾಯಿತು. ಕೈಗೆ ಕೆಲಸ ಬೇಕು ಅನ್ನಿಸುತ್ತಿತ್ತು. ನಮ್ಮ ಮನೆಯವರ ಜೊತೆ ಕೂತು ನಾಳೆಯ ಸೊಪ್ಪು ಬಿಡಿಸಲು ಶುರು ಮಾಡಿದೆ. ದಂಟಿನ ಸೊಪ್ಪಿನ ಎಲೆ ಕಿತ್ತು, ಎಳೆ ದಂಟು ಒಂದು ಕಡೆ, ಬಲಿತದ್ದು ಒಂದು ಕಡೆ. ಮೂವತ್ತು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿರಲಿಲ್ಲ.

ಹಳೇ ಡೆಸ್ಕ್ ಸರ್, ಹುಡುಕಿ ನೋಡಿದೆ. ಪಾಲಿಕೆ ಚುನಾವಣೆ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು ಇತ್ತು. ಬಜೆಟ್ ಪುಸ್ತಕದಲ್ಲಿ ನಗರಾಭಿವೃದ್ಧಿ, ಆರೋಗ್ಯ ಓದಿ ಆಯಿತು, ಈಗ ನೀರಾವರಿ. ಭಾವಮೈದನಿಗೂ ಲಿಂಕ್ ಕಳಿಸಿದೆ. ಅವನು ಒಂದು ವಾರ ಉತ್ತರ ಕೊಡಲಿಲ್ಲ, ಆಮೇಲೆ ಒಂದು ಅಂಕಿ ತಪ್ಪಾಗಿ ಓದಿದ್ದೀರಿ ಭಾವ ಅಂತ ಬರೆದ. ನೋಡಿದರೆ ಅವನೇ ಸರಿ.

ಬಿಡದಿ ತಮ್ಮ, ನೀವು ಹೇಳಿದ ಹಾಗೆ ಮೂರು ಹೋಲ್‌ನಿಂದ ಶುರು ಮಾಡಿ ಈಗ ಏಳಕ್ಕೆ ಬಂದಿದ್ದೇನೆ. ಮಂಡಿ ಸಹಿಸುತ್ತಿದೆ. ಹೋದ ಗುರುವಾರ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಪಕ್ಕ ಟ್ರಾಲಿ ತಳ್ಳಿಕೊಂಡು ಹೋಗುವಾಗ ಒಂದು ಟಿಟ್ಟಿಭ ಹಕ್ಕಿ ತಲೆ ಮೇಲೆಯೇ ಕೂಗಿಕೊಂಡು ಹಾರಾಡಿತು. ನನ್ನ ಕ್ಯಾಡಿ ಕೈ ಅಡ್ಡ ಹಿಡಿದು ನಿಲ್ಲಿಸಿ ನೆಲ ತೋರಿಸಿದ. ಸಣ್ಣ ಕಲ್ಲುಗಳ ಮಧ್ಯೆ ನಾಲ್ಕು ಮೊಟ್ಟೆ, ಕಲ್ಲಿನದ್ದೇ ಬಣ್ಣ, ಕಪ್ಪು ಚುಕ್ಕೆ. ಒಂದು ಹೆಜ್ಜೆ ಹೆಚ್ಚು ಇಟ್ಟಿದ್ದರೆ ಚಕ್ರ ಹತ್ತುತ್ತಿತ್ತು. ಅವನು ಸುತ್ತ ನಾಲ್ಕು ಕಡ್ಡಿ ಚುಚ್ಚಿ ಇಟ್ಟ. ಹೋದ ವರ್ಷವೂ ಇಲ್ಲೇ ಇಟ್ಟಿತ್ತು ಸರ್ ಅಂದ. ಹೋದ ವರ್ಷ ನಾನು ಅಲ್ಲೇ ಬಗ್ಗಿಯಲ್ಲಿ ಎಷ್ಟು ಸಲ ಹೋಗಿದ್ದೇನೋ. ಅವನ ಕೂಲಿ, ಮಳೆ ದಿನದ ವಿಷಯ ಎಲ್ಲ ಕೇಳಿ ಬರೆದುಕೊಂಡಿದ್ದೇನೆ. ನಾವು ಬೆಳಗಿನ ಆರು ಜನ ಆಟಗಾರರು ಸೇರಿ ನಮ್ಮ ಕ್ಯಾಡಿಗಳಿಗೆ ಅಪಘಾತ ವಿಮೆ ಮಾಡಿಸಿದೆವು. ಉಳಿದವರನ್ನೂ ಕೇಳುತ್ತಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಮಳೆ ಬಂದ ಮಾರನೇ ದಿನ ಟ್ರಾಲಿ ಚಕ್ರಕ್ಕೆ ಒದ್ದೆ ಹುಲ್ಲು, ಮಣ್ಣು ಮೆತ್ತಿಕೊಂಡು ತಳ್ಳಲು ತುಂಬಾ ಭಾರ ಆಗುತ್ತದೆ. ಅವತ್ತು ಬಗ್ಗಿ ಹತ್ತಬೇಕಾಗುತ್ತದೆ. ಬೇರೆ ದಾರಿ ಇದೆಯಾ?

---

ಬಿಡದಿ ಹುಡುಗ:

ಇದೆ ಸರ್. ಅವತ್ತು ಟ್ರಾಲಿ ಮನೆಯಲ್ಲೇ ಬಿಡಿ. 14 ಸ್ಟಿಕ್ ಇಟ್ಟುಕೊಳ್ಳಬಹುದು ಅಂತ ನಿಯಮ ಇದೆ, ಅಷ್ಟೂ ಬೇಕು ಅಂತ ಇಲ್ಲ. ಒಂದು ಡ್ರೈವರ್, ಒಂದು ಫೈವ್ ವುಡ್, ಸಿಕ್ಸ್ ಮತ್ತು ಎಯ್ಟ್ ಐರನ್, ಒಂದು ವೆಡ್ಜ್, ಪಟರ್. ಆರು ಸಾಕು. ಚಿಕ್ಕ ಕ್ಯಾನ್ವಾಸ್ ಬ್ಯಾಗಿಗೆ ಹಾಕಿದರೆ ನಾಲ್ಕು ಕೆಜಿಯೂ ಆಗುವುದಿಲ್ಲ. ಎರಡೂ ಭುಜಕ್ಕೆ ಪಟ್ಟಿ ಇರುವ ಬ್ಯಾಗು ನೋಡಿ ತೆಗೆದುಕೊಳ್ಳಿ. ಒಂಬತ್ತರಲ್ಲಿ ನಾಲ್ಕು ಹೋಲ್ ನೀವು ಹೊರಿರಿ, ಐದು ಅವನು ಹೊರಲಿ. ಮರಿ ಆದ ಮೇಲೆ ಟಿಟ್ಟಿಭದ ಸುದ್ದಿ ಬರೆಯಿರಿ.